ಪ್ರಶ್ನೆ ಏಳು, ಹಸಿರು

ಜೂನ್ 3, ಮಂಗಳವಾರ

ಎರಡೂವರೆಯ ಓದು-ಬರಹದ ಕ್ಲಾಸಿಗೆ ಎರಡಕ್ಕೇ ಹೋಗಿ ಪ್ರೊಜೆಕ್ಟರ್ ಹಚ್ಚಿದೆ. ವೈಫೈ ಎಂದಿನಂತೆ ಮುನಿಸಿಕೊಂಡಿತ್ತು. ರೂಟರನ್ನು ಕಿಟಕಿಯ ಮೇಲಿಟ್ಟು ನಾಲ್ಕು ಮಾತು ಬೈದ ಮೇಲೆ ದಾರಿಗೆ ಬಂತು. ಹನ್ನೊಂದು ಜನ. ಎಲ್ಲರೂ ಆಸ್ಪತ್ರೆಯ ಶುಚಿ ಕೆಲಸದವರು, ಬೆಳಗಿನ ಪಾಳಿ ಮುಗಿಸಿ ಸೀದಾ ಬರುವವರು. ಗೋಡೆಯ ಮೇಲೆ ಕ್ವಿಜ್ಜಿನ ಕೋಡ್ ಬಿತ್ತು. ಫೋನ್ ಒತ್ತಿದರು. ಅಡ್ಡಹೆಸರುಗಳು ಟಣ್ ಟಣ್ ಎಂದು ಒಂದೊಂದಾಗಿ ಮೇಲೆ ಬಂದವು. 'ಚಿನ್ನಾರಿ' ಎಂದರೆ ಅರವತ್ತು ದಾಟಿದ, ಕಿಟಕಿ ಒರೆಸುವ ತಾತ. 'ಬಿರುಗಾಳಿ' ಎಂದರೆ ಮೂರನೇ ಮಹಡಿಯ ನೆಲ ಒರೆಸುವವಳು, ನನಗಿಂತ ಎರಡು ವರ್ಷ ಚಿಕ್ಕವಳು. ಇವತ್ತೂ ಅವಳೇ ಫಸ್ಟ್. ಮೂವತ್ತಕ್ಕೆ ಮೂವತ್ತು.

ಪ್ರಶ್ನೆ ಗೋಡೆಯ ಮೇಲೆ, ಜೊತೆಗೊಂದು ಚಿತ್ರ, ಕೆಳಗೆ ನಾಲ್ಕು ಬಣ್ಣದ ಚೌಕದಲ್ಲಿ ನಾಲ್ಕು ಉತ್ತರ. ಫೋನಿನಲ್ಲಿ ಬರುವುದು ಬಣ್ಣ ಮಾತ್ರ. ಇಪ್ಪತ್ತು ಸೆಕೆಂಡ್. ಅವಳಿಗೆ ಎರಡು ಸಾಕು. ಚಿನ್ನಾರಿ ತಾತ ಕನ್ನಡಕ ಏರಿಸುವಷ್ಟರಲ್ಲಿ ಇವಳದು ಮುಗಿದಿರುತ್ತದೆ. "ನಿನ್ ಬೆರಳಿಗೇನ್ ಬೆಂಕಿ ಬಿದ್ದಿದ್ಯೇನಮ್ಮಾ!" ಎಂದ ತಾತ.

ಕಳೆದ ವಾರದ ಪರೀಕ್ಷೆಯೂ ಇದರಲ್ಲೇ, ಇದೇ ಮೂವತ್ತು ಪ್ರಶ್ನೆ. ಅವಳ ಸರ್ಟಿಫಿಕೇಟಿಗೆ ಸಹಿ ಹಾಕಿದೆ. 'ರಾಸಾಯನಿಕಗಳ ಲೇಬಲ್ ಓದಿ ಅರ್ಥಮಾಡಿಕೊಳ್ಳಬಲ್ಲರು.' ಈ ತಿಂಗಳ ಹದಿನಾರರಿಂದ ನೆಲಮಾಳಿಗೆಯ ಮಿಕ್ಸಿಂಗ್ ರೂಮಿಗೆ ಅವಳೇ ಇನ್‌ಚಾರ್ಜ್. ಆಸ್ಪತ್ರೆಗೆಲ್ಲ ಬೇಕಾದ ಬ್ಲೀಚು, ಆಸಿಡ್ಡು ಬೇರೆಬೇರೆಯಾಗಿ ನೀರಿಗೆ ಕಲಸುವುದು ಅಲ್ಲೇ. ಮಗಳಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡೆ — ಈ ಕ್ವಿಜ್ ಹೇಳಿಕೊಟ್ಟವಳು ಅವಳೇ. "ಅಮ್ಮಾ, ನಿಂಗೆ ಕೊಂಬು ಬಂದಿದೆ" ಅಂದಳು. ಬಂದರೆ ಬರಲಿ.

ಜೂನ್ 6, ಶುಕ್ರವಾರ

ಮುಂದಿನ ಬ್ಯಾಚಿಗೆಂದು ಕ್ವಿಜ್ ಕಾಪಿ ಮಾಡಿದ್ದೆ. ಇವತ್ತು ಆ ಕಾಪಿಯನ್ನೇ ಹಾಕಿದೆ. ಪ್ರತಿ ಸಲ ಉತ್ತರಗಳ ಜಾಗ ಅದಲುಬದಲು ಮಾಡುವ ಗುಂಡಿಯೊಂದಿದೆ, ಶಫಲ್. ಹಳೆಯದರಲ್ಲಿ ನಾನೇ ಆಫ್ ಮಾಡಿದ್ದೆ — ಉತ್ತರ ಜಿಗಿದಾಡಿದರೆ ವಯಸ್ಸಾದವರಿಗೆ ತಲೆ ಸುತ್ತುತ್ತದೆ ಎಂಬ ಕನಿಕರ. ಕಾಪಿಯಲ್ಲಿ ಅದು ಆನ್ ಆಗಿತ್ತು. ನೋಡಿಕೊಳ್ಳಲಿಲ್ಲ.

ಬಿರುಗಾಳಿ ಕೊನೆ. ಮೂವತ್ತಕ್ಕೆ ಆರು.

ಏಳನೇ ಪ್ರಶ್ನೆ. ಎರಡು ಕ್ಯಾನು, ಒಂದು ಬಕೆಟ್ಟಿನ ಚಿತ್ರ. ಬ್ಲೀಚ್, ಆಸಿಡ್ ಒಟ್ಟಿಗೆ ಕಲಸಬಹುದೇ? ಯಾವತ್ತೂ ಹಸಿರು ಸರಿ, 'ಎಂದಿಗೂ ಕೂಡದು'. ಇವತ್ತು ಹಸಿರಿನಲ್ಲಿ ಬಂದು ಕೂತಿದ್ದು 'ಹೌದು, ಸಮ ಪ್ರಮಾಣದಲ್ಲಿ'. ಎರಡೇ ಸೆಕೆಂಡಿಗೆ ಹಸಿರು ಒತ್ತಿದಳು.

"ಬಿರುಗಾಳಿಗೆ ಕರೆಂಟ್ ಹೋಯ್ತು!" ಎಂದು ಎಲ್ಲರೂ ನಕ್ಕರು. "ಕನ್ನಡಕ ತಂದಿಲ್ಲ ಕಣ್ರೀ" ಎಂದು ಅವಳೂ ನಕ್ಕಳು.

ಅವಳಿಗೆ ಕನ್ನಡಕವೇ ಇಲ್ಲ.

ಸಂಜೆ 5

ಪಾತ್ರೆ ತೊಳೆಯುತ್ತಿದ್ದೆ. ಇದ್ದಕ್ಕಿದ್ದಂತೆ ಹೊಳೆಯಿತು. ಎಂಟು ತಿಂಗಳಲ್ಲಿ ಅವಳು ಒಂದು ಸಾಲಾದರೂ ಗಟ್ಟಿಯಾಗಿ ಓದಿದ್ದು ಕೇಳಿದ್ದೇನೆಯೇ? ಬೋರ್ಡ್ ನೋಡಿ ಬರೆಯುವ ಅಕ್ಷರ ಮುತ್ತಿನಂತೆ. ಆದರೆ ಓದಿದ್ದು? ಕ್ವಿಜ್ ಬಂದ ಮೇಲೆ ಯಾರನ್ನೂ ನಿಲ್ಲಿಸಿ ಓದಿಸಿಲ್ಲ. ನಾಚಿಕೆ ಪಡುತ್ತಾರೆ ಎಂದು ನೆವ. ನನಗೂ ಸುಲಭವಾಗಿತ್ತು, ಸುಳ್ಳೇಕೆ ಹೇಳಲಿ.

ಇಲ್ಲ ಇಲ್ಲ. ಅವಳಿಗೆ ತಲೆನೋವಿತ್ತೇನೋ.

ಜೂನ್ 7, ಶನಿವಾರ

ನಿದ್ದೆ ಸರಿಯಿಲ್ಲ. ಬೆಳಿಗ್ಗೆ ಇವರು ಪೇಪರಿನ ಮೇಲಿಂದ ನೋಡಿ, "ಏನೇ ಅದು, ಕುಂಬಳಕಾಯಿ ಕಳ್ಳಿ ಥರ ಹೆಗಲು ಮುಟ್ಕೊಂಡು ಓಡಾಡ್ತಿದೀಯ?" ಅಂದರು. ಇಪ್ಪತ್ತೆಂಟು ವರ್ಷದ ಸಂಸಾರ, ಮುಖ ನೋಡಿದರೆ ಸಾಕು ಇವರಿಗೆ. ಏನಿಲ್ಲ ಅಂದೆ.

ಜೂನ್ 10, ಮಂಗಳವಾರ

ಕ್ಲಾಸ್ ಮುಗಿದ ಮೇಲೆ ಅವಳನ್ನು ಮೆಟ್ಟಿಲ ಸಂದಿಗೆ ಕರೆದೆ. ಅಲ್ಲಿ ಗೋಡೆಗೆ ತಗುಲಿ ಹಾಕಿದ್ದ ಒಂದು ಬಾಟಲಿ ಇಳಿಸಿ ಕೈಗೆ ಕೊಟ್ಟೆ. "ಇದೇನು?"

"ಕೈ ಉಜ್ಕೊಳೋದು."

"ಓದು."

ತಿರುಗಿಸಿದಳು. ಮತ್ತೆ ತಿರುಗಿಸಿದಳು. ಮೇಲಿನ ಮಹಡಿಯಿಂದ ಟ್ರಾಲಿ ಹೋದ ಸದ್ದು. ಬಾಟಲಿ ವಾಪಸ್ ಕೊಟ್ಟು, ಚೀಲದಿಂದ ಒಂದು ನೋಟ್‌ಬುಕ್ ತೆಗೆದಳು. ಮೂವತ್ತು ಪುಟ್ಟ ಚಿತ್ರ. ಬಕೆಟ್, ಕೈಗವಸು, ಏಣಿ, ಮುರಿದ ಗಾಜು. ಒಂದೊಂದರ ಪಕ್ಕದಲ್ಲಿ ಒಂದೊಂದು ಬಣ್ಣದ ಚುಕ್ಕೆ, ಮೊಮ್ಮಗಳ ಕ್ರೇಯಾನಿನಿಂದ. ಎಲ್ಲ ಉರು ಹೊಡೆದಿದ್ದಾಳೆ.

"ಚಿತ್ರ ನೋಡಿದ್ ತಕ್ಷಣ ಬಣ್ಣ ಬಂದ್ಬಿಡತ್ತೆ ಮೇಡಂ. ಅಕ್ಷರ ಮಾತ್ರ ನನ್ ಜೊತೆ ಟೂ ಬಿಟ್ಟಿದೆ."

"ಇದೇನ್ ತಮಾಷೆನಾ? ಕಲಸಬಹುದು ಅಂತ ಒತ್ತಿದ್ಯಲ್ಲೇ!" ಕಿರುಚಿಯೇ ಬಿಟ್ಟೆ.

"ಕಲಸಬಾರ್ದು ಅಂತ ನಂಗೊತ್ತಿಲ್ವಾ? ಇಪ್ಪತ್ತು ವರ್ಷದಿಂದ ಅದೇ ಕೆಲ್ಸ. ಹಸಿರಲ್ಲಿ ಏನ್ ಬರ್ದಿತ್ತು ಅಂತ ಗೊತ್ತಿರ್ಲಿಲ್ಲ ಅಷ್ಟೆ. ನೀಲಿ ಕ್ಯಾನ್ ಬ್ಲೀಚು, ಹಳದಿ ಕ್ಯಾನ್ ಆಸಿಡ್ಡು. ಕಣ್ ಮುಚ್ಕೊಂಡ್ ಹೇಳ್ತೀನಿ." ಆಮೇಲೆ ನನ್ನ ಮೊಣಕೈ ಹಿಡಿದುಕೊಂಡಳು. "ಹೇಳ್ಬೇಡಿ ಮೇಡಂ. ನಮ್ಮತ್ತೆ ಮೂವತ್ತು ವರ್ಷ ದಡ್ಡಿ ದಡ್ಡಿ ಅಂತ ಮೂದಲ್ಸಿದ್ರು. ಮೊನ್ನೆ ಸರ್ಟಿಫಿಕೇಟ್ ನೋಡಿ ಎದ್ದು ಕೂತು ನೀರು ಕೊಟ್ರು ನಂಗೆ. ಅವ್ರು. ನಂಗೆ."

ಕರಗಿಹೋದೆ. ದಿನಾ ಒಂದು ಗಂಟೆ ಬಾ, ಕಲಿಸುತ್ತೇನೆ, ಯಾರಿಗೂ ಹೇಳುವುದಿಲ್ಲ ಎಂದೆ. ಅದು ಬರೀ ಕರುಣೆಯೇ? ಹೇಳಿದರೆ ಮೊದಲ ಪ್ರಶ್ನೆ 'ಸಹಿ ಯಾರದು' ಎಂದೇ ಬರುತ್ತದೆ. ಗಂಟಲಲ್ಲಿ ಬಿಸಿತುಪ್ಪ — ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಜೂನ್ 11, ಬುಧವಾರ

ಮೊದಲ ದಿನ. ಬ-ಳ, ನ-ಸ, ಎಲ್ಲ ಒಂದೇ ಎನ್ನುತ್ತಾಳೆ. ದಡ್ಡಿಯಲ್ಲ, ದೇವರಾಣೆ ಅಲ್ಲ. ಒಂದು ನಿಮಿಷ ನೋಡಿದ ಚಿತ್ರವನ್ನು ಗೆರೆ ತಪ್ಪದೆ ಬರೆದು ತೋರಿಸುತ್ತಾಳೆ. ಅಕ್ಷರವನ್ನೂ ಹಾಗೇ ಬರೆಯುತ್ತಾಳೆ. ಐದು ನಿಮಿಷ ಬಿಟ್ಟು ಕೇಳಿದರೆ, ಯಾವತ್ತೂ ನೋಡಿಲ್ಲ ಎನ್ನುವ ಮುಖ.

ನಾಳೆ ನೋಡೋಣ.

ಜೂನ್ 13, ಶುಕ್ರವಾರ, ಮಧ್ಯಾಹ್ನ 1

ಸ್ಟೋರಿನವನು ಕ್ಯಾಂಟೀನಿನಲ್ಲಿ ಸಿಕ್ಕ. ಟೀ ಹೀರುತ್ತ, ಹವಾಮಾನ ಹೇಳುವವನ ಹಾಗೆ ಹೇಳಿದ. "ಸಪ್ಲೈಯರ್ ಚೇಂಜ್ ಮೇಡಂ. ಸೋಮವಾರದಿಂದ ಎಲ್ಲಾ ಕ್ಯಾನೂ ಬಿಳೀನೇ."

"ಎಲ್ಲಾನೂ?"

"ಎಲ್ಲಾನೂ. ಲೇಬಲ್ ಇರತ್ತಲ್ಲ. ನೀವು ಓದಕ್ಕೆ ಕಲ್ಸಿದೀರಲ್ಲ, ಇನ್ನೇನು!"

ಮೂಗಿನಿಂದ ಕಂಡುಹಿಡಿಯುತ್ತಾಳೆ ಎಂದುಕೊಂಡೆ. ಅದೂ ಇಲ್ಲವಂತೆ. ಹೊಸ ಕ್ಯಾನಿನ ಮುಚ್ಚಳ ತೆಗೆಯುವುದೇ ಬೇಡ, ಕೊಳವೆ ಚುಚ್ಚಿ ಪಂಪ್ ಒತ್ತಿದರೆ ಸೀದಾ ತೊಟ್ಟಿಗೆ. ಮುಖಕ್ಕೆ ಮಾಸ್ಕ್ ಬೇರೆ. ಬ್ಲೀಚಿನ ತೊಟ್ಟಿಯಲ್ಲಿ ಯಾವಾಗಲೂ ಹಿಂದಿನ ದಿನದ್ದು ಅರ್ಧ ಉಳಿದಿರುತ್ತದೆ. ಅದಕ್ಕೆ ಆಸಿಡ್ ಬಿದ್ದರೆ ವಿಷಗಾಳಿ. ಆ ರೂಮಿಗೆ ಇರುವುದು ಒಂದೇ ಕಿಟಕಿ, ಅಂಗೈ ಅಗಲದ್ದು. ಒಳಗೆ ನಾಲ್ಕು ಜನ.

ಟೀ ಅಲ್ಲೇ ಬಿಟ್ಟು ಎದ್ದೆ.

ಜೂನ್ 14, ಶನಿವಾರ

ವರ್ಣಮಾಲೆ ಹಾಳಾಗಿ ಹೋಗಲಿ. ಎರಡೇ ಪದ ಸಾಕು. ಬ್ಲೀಚ್. ಆಸಿಡ್. ದೊಡ್ಡದಾಗಿ ಬರೆದು, ಅಕ್ಷರ ಎಂದುಕೊಳ್ಳಬೇಡ, ಚಿತ್ರ ಎಂದುಕೋ ಎಂದೆ. ಅವಳ ಕಣ್ಣು ಅರಳಿತು. "ಮೊದ್ಲೇ ಹೀಗ್ ಹೇಳ್ಬಾರ್ದಿತ್ತಾ!" ಬ್ಲೀಚಿಗೆ ಕೆಳಗೆ ಜೋತುಬಿದ್ದ ಬಾಲ, ಆಸಿಡ್ಡಿಗೆ ತಲೆಯ ಮೇಲೆ ಜುಟ್ಟು. ಮೂವತ್ತು ಚೀಟಿ ಕಲಸಿ ಹಾಕಿದೆ. ಮೂವತ್ತೂ ಸರಿ! ಇಬ್ಬರೂ ಕುಣಿಯುವುದೊಂದು ಬಾಕಿ.

ಆಮೇಲೆ ಇನ್ನೊಂದು ಚೀಟಿಯಲ್ಲಿ ಸುಮ್ಮನೆ 'ಸೋಪು' ಎಂದು ಬರೆದಿಟ್ಟೆ. ನೋಡಿದಳು. ತಡಬಡಾಯಿಸಿದಳು. "ಆಸಿಡ್" ಎಂದಳು.

ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು ಮಾರಾಯ್ತಿ ಎಂದೆ. "ಟೈಮ್ ಆಗೋಗತ್ತಲ್ಲ ಮೇಡಂ, ಏನಾದ್ರೂ ಒತ್ಬೇಕಲ್ಲ" ಎಂದಳು.

ಹೌದಲ್ಲ. ಎಂಟು ತಿಂಗಳು ನಾನು ಕಲಿಸಿದ್ದು ಅದನ್ನೇ. ಇಪ್ಪತ್ತು ಸೆಕೆಂಡ್, ಹಿಂದಿನಿಂದ ಡವಡವ ಮ್ಯೂಸಿಕ್, ಏನಾದರೂ ಒತ್ತು, ಸುಮ್ಮನಿದ್ದರೆ ಸೊನ್ನೆ. ನಾನೇ ಕೂಗುತ್ತಿದ್ದೆನಲ್ಲ, "ಒತ್ತಿ ಒತ್ತಿ, ಬಿಡಬೇಡಿ!" ಎಂದು.

ಜೂನ್ 15, ಭಾನುವಾರ, ಬೆಳಿಗ್ಗೆ 11

ಆಸ್ಪತ್ರೆಯ ಶುಚಿ ಕೆಲಸದ ಸೂಪರ್‌ವೈಸರಿಗೆ ಫೋನ್ ಮಾಡಿದೆ. ಹೇಳಿಬಿಡುವುದೇ ಎಂದು ಗಟ್ಟಿ ಮಾಡಿಕೊಂಡಿದ್ದೆ. ಚೀಟಿಯಲ್ಲಿ ಬರೆದುಕೊಂಡೂ ಇದ್ದೆ.

"ಏನ್ ಮೇಡಂ, ಭಾನುವಾರನೂ ಕ್ವಿಜ್ಜಾ?"

"ಅಲ್ಲ, ಆ ಬಿರುಗಾಳಿ ವಿಷ್ಯ..."

"ಅಯ್ಯೋ, ವಜ್ರ ಕೊಟ್ಟಿದೀರ ನಮ್ಗೆ! ಮೇಲಿನವ್ರ ಹತ್ರ ನಿಮ್ ಹೆಸ್ರೇ ಹೇಳಿದೀನಿ. ಇನ್ನೆರಡು ಬ್ಯಾಚ್ ನಿಮ್ಗೇ."

"ಏನಿಲ್ಲ... ನಾಳೆ ಅವಳಿಗೆ ಒಳ್ಳೇದಾಗ್ಲಿ ಅಂತ ಹೇಳೋಣ ಅಂತ ಮಾಡ್ದೆ" ಎಂದೆ. ಎಂದುಬಿಟ್ಟೆ! ಚೀಟಿ ಕೈಯಲ್ಲೇ ಇತ್ತು. ಥೂ ನನ್ನ ಜನ್ಮಕ್ಕೆ.

ಮಧ್ಯಾಹ್ನ 3

ಇವರಿಗೆ ಎಲ್ಲ ಹೇಳಿದೆ. ಅತ್ತುಬಿಟ್ಟೆ. ಪೂರ್ತಿ ಕೇಳಿದರು. ತಮಾಷೆ ಮಾಡಲಿಲ್ಲ, ಅದೇ ಹೆದರಿಕೆಯಾಯಿತು. "ಸಹಿ ಯಾರ್ದು?" ಅಂದರು.

"ನಂದು."

"ಪಾಳಿ ಎಷ್ಟೊತ್ತಿಗೆ?"

"ಆರಕ್ಕೆ."

"ಐದಕ್ಕೆ ಎಬ್ಬಿಸ್ತೀನಿ. ನೀನೇ ಹೋಗು."

ಜೂನ್ 16, ಸೋಮವಾರ, ಬೆಳಿಗ್ಗೆ 5.50

ಮಿಕ್ಸಿಂಗ್ ರೂಮಿನ ಹೊರಗಿನ ಬೆಂಚು. ಟ್ಯೂಬ್‌ಲೈಟ್ ಮಿಣಮಿಣ. ಅವಳು ಬರುವವರೆಗೆ ಬರೆಯುತ್ತಿದ್ದೇನೆ.

ಹೊಸ ಕ್ಯಾನು ಬಂದಿವೆ, ಗೋಡೆಗೆ ಒರಗಿಸಿ ಎರಡು ಸಾಲು. ಎಲ್ಲ ಹಾಲಿನಂತೆ ಬಿಳಿ. ಹತ್ತಿರ ಹೋಗಿ ಲೇಬಲ್ ಓದಿದೆ. ಬ್ಲೀಚ್ ಎಂದಿಲ್ಲ. ಆಸಿಡ್ ಎಂದೂ ಇಲ್ಲ! ಒಂದು ಸಾಲಿನ ಮೇಲೆ 'ವಿರಂಜಕ ದ್ರಾವಣ', ಎಂದರೆ ಬ್ಲೀಚು. ಇನ್ನೊಂದರ ಮೇಲೆ 'ಆಮ್ಲೀಯ ಶುಚಿಕಾರಕ'. ವಿರಂಜಕ! ಯಾವ ಪುಣ್ಯಾತ್ಮ ಬರೆದನೋ. ನಾನೇ ಎರಡು ಸಲ ಓದಬೇಕಾಯಿತು. ಬಾಯಲ್ಲಿ ಆಡುವ ಪದ ಕಲಿಸಿದೆ, ಡಬ್ಬದ ಮೇಲೆ ಪಂಡಿತರ ಪದ. ಅವಳ ಬಾಲ ಈಗ ಆಮ್ಲೀಯದ ಕೆಳಗೆ, ಜುಟ್ಟು ವಿರಂಜಕದ ತಲೆಯ ಮೇಲೆ. ಅವಳಿಗೆ ಸಿಗುವ ಸರಿಯಾದ ಗುರುತು ಒಂದೇ — ಆಮ್ಲೀಯದ ಮೊದಲ ಆ. ಅದೂ ನೆನಪಿದ್ದರೆ.

ಅವಳು ಬಂದ ಕೂಡಲೇ ಪಕ್ಕಕ್ಕೆ ಕರೆದು ಹೇಳಬೇಕು.

6.05

ಒಬ್ಬಳೇ ಬರಲಿಲ್ಲ. ಜೊತೆಗೆ ಸೂಪರ್‌ವೈಸರ್, ಸ್ಟೋರಿನವನು, ಚಿನ್ನಾರಿ ತಾತ. ತಾತ ಇನ್ನು ಅವಳ ಕೈಕೆಳಗಂತೆ. ಇಸ್ತ್ರಿ ಮಾಡಿದ ಯೂನಿಫಾರ್ಮ್, ಎದೆಯ ಮೇಲೆ 'ಇನ್‌ಚಾರ್ಜ್' ಬಿಲ್ಲೆ. ನನ್ನನ್ನು ನೋಡಿದಳು. ಯಾಕೆ ಬಂದಿದ್ದೇನೆ ಎಂದು ಗೊತ್ತಾಯಿತು ಅವಳಿಗೆ, ಮುಖವೇ ಹೇಳಿತು. "ಓಹೋ, ಮೇಡಮ್ಮೇ ಬಂದಿದಾರೆ ಆಶೀರ್ವಾದ ಮಾಡಕ್ಕೆ!" ಎಂದ ಸೂಪರ್‌ವೈಸರ್. ಎಲ್ಲರೆದುರು... ನಾಲಿಗೆ ಎತ್ತಲಾಗಲಿಲ್ಲ. ಒಳಗೆ ಹೋದರು. ಎರಡೂ ಸಾಲಿನಿಂದ ಒಂದೊಂದು ಕ್ಯಾನು ಒಳಗೆ ಹೋಯಿತು. ಬಾಗಿಲು ಅರ್ಧ ತೆರೆದಿದೆ.

ಮೊದಲು ತೊಟ್ಟಿಗೆ ನೀರು ಬಿಡುತ್ತಾರೆ. ತುಂಬಲು ಹತ್ತು ನಿಮಿಷ. ಸದ್ದು ಕೇಳುತ್ತಿದೆ. ಅಷ್ಟರೊಳಗೆ ಎದ್ದು ಹೋಗಿ ಹೇಳುತ್ತೇನೆ. ಹೇಳಲೇಬೇಕು. ಹೇಗೆ ಶುರು ಮಾಡುವುದು? 'ಸಾರ್, ತಪ್ಪು ನನ್ನದು.' ಅಷ್ಟೇ. ಮೂರು ಪದ. ಮೂರು ಪದ ಹೇಳಲು ಇಷ್ಟು ಹೆದರಿಕೆಯೇ.

6.14

ನೀರು ಇನ್ನೂ ಬೀಳುತ್ತಿದೆ. ನಾನಿನ್ನೂ ಬೆಂಚಿನ ಮೇಲೇ.

ಹೋಗು. ಹೋಗೇ.

ನೀರು ನಿಂತಿತು.

"ಚುಚ್ಚಮ್ಮಾ ಕೊಳವೆ, ಯಾಕ್ ನಿಂತೆ?" — ಸೂಪರ್‌ವೈಸರ್.

ಪಂಪಿನ ಸದ್ದು ಕೇಳುತ್ತಿಲ್ಲ.

"ಬೇಗ ಬೇಗ, ಒತ್ತು."

ಈಗ ಅವಳ ದನಿ. ಕಾರಿಡಾರಿಗೆಲ್ಲ ಕೇಳುವಷ್ಟು ಗಟ್ಟಿ. "ಯಾರೂ ಮುಟ್ಬೇಡಿ. ದೂರ ನಿಂತ್ಕೊಳಿ ತಾತ. ಇದ್ರ ಮೇಲೆ ಏನ್ ಬರ್ದಿದ್ಯೋ ನಂಗೆ ಓದಕ್ಕೆ ಬರಲ್ಲ ಸಾರ್. ಇದೊಂದಲ್ಲ. ಯಾವ್ದೂ ಬರಲ್ಲ. ಯಾವತ್ತೂ ಬಂದಿಲ್ಲ."

ಯಾರೋ ನಕ್ಕರು. ನಗು ಅರ್ಧಕ್ಕೇ ನಿಂತಿತು.

"ಮೇಡಂ ಹೊರಗಡೆ ಕೂತಿದಾರೆ. ಕರೀರಿ. ಅವ್ರಿಗೂ ಗೊತ್ತು."

ಬಾಗಿಲ ಕಡೆಗೆ ಹೆಜ್ಜೆ ಬರುತ್ತಿದೆ. ಎದ್ದೆ. ಸಾರ್, ತಪ್ಪು