ತಾತ್ಕಾಲಿಕ ಅಂತಲೇ ಬರೆದಿತ್ತು, ಮಗಳೇ

ಶಿಡ್ಲಘಟ್ಟ,
ಬೆಳಿಗ್ಗೆ

ನನ್ನ ಚಿನ್ನಾರಿಗೆ,

ನಿನಗಿನ್ನೂ ಹೆಸರಿಟ್ಟಿಲ್ಲ, ಅದಕ್ಕೇ ಹೀಗೆ ಕರೆದೆ. ಆಸ್ಪತ್ರೆಯ ಫೈಲಿನಲ್ಲಿ ನೀನು ‘ಬೇಬಿ ಆಫ್ ಪವಿತ್ರ’. ಆ ಪವಿತ್ರ ನಾನೇ, ನಿನ್ನಮ್ಮ. ಮೂರು ತಿಂಗಳ ಕೂಸಿಗೆ ಕಾಗದ ಬರೆಯೋ ಹುಚ್ಚಿ ಅನ್ನಬೇಡ. ಈ ಮನೆಯಲ್ಲಿ ಮಾತಾಡೋಕೆ ಬೇರೆ ಯಾರಿದ್ದಾರೆ ಹೇಳು? ನಿನ್ನ ತಾತ ಗಂಗುಲಪ್ಪನವರು ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಹೋದರೆ ಬರೋದು ಮಧ್ಯಾಹ್ನ. ಬಂದರೂ ಮಾತು ಕಮ್ಮಿ. ನಮ್ಮಮ್ಮ ಇಲ್ಲದ ಮನೆಯಲ್ಲಿ ಮಗಳ ಬಾಣಂತನ ಮಾಡೋ ಗಂಡಸು, ಪಾಪ, ಹಂಡೆಯಲ್ಲಿ ನೀರು ಕಾಯಿಸಿಟ್ಟು ಬಾಗಿಲ ಹೊರಗೆ ನಿಂತು ಕೆಮ್ಮುತ್ತಾರೆ. ಸ್ನಾನಕ್ಕೆ ಏಳಮ್ಮ ಅಂತ ಅದರ ಅರ್ಥ.

ನನ್ನ ಕೆಲಸ ಏನು ಅಂತ ನಿನಗೆ ಹೇಳಿಬಿಡ್ತೀನಿ. ಚಿಕ್ಕಬಳ್ಳಾಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಮೆಡಿಕಲ್ ಕೋಡರ್. ಡಾಕ್ಟರು ಫೈಲಿನಲ್ಲಿ ಬರೆದದ್ದನ್ನು ಓದಿ, ಪ್ರತಿ ಕಾಯಿಲೆಗೂ ಅದರದ್ದೇ ಕೋಡು ಹಾಕೋದು. ಆಗತಾನೇ ಹುಟ್ಟಿದ ಮಕ್ಕಳ ಹಾರ್ಮೋನು ತೊಂದರೆಗಳಲ್ಲಿ ಜೀವನಪೂರ್ತಿ ಇರೋದಕ್ಕೆ ಒಂದು ಕೋಡು, ಬಂದು ಹೋಗೋದಕ್ಕೆ ಬೇರೆಯದೇ ಕೋಡು. ಡಾಕ್ಟರು ‘ತಾತ್ಕಾಲಿಕ’ ಅಂತ ಬರೆಯದಿದ್ದರೆ ನಾವಾಗಿ ಊಹಿಸೋ ಹಾಗಿಲ್ಲ, ಫೈಲು ವಾಪಸ್ ಕಳಿಸಿ ಕೇಳಬೇಕು. ಆ ಒಂದು ಪದಕ್ಕಾಗಿ ಎಷ್ಟು ಸಲ ಡಾಕ್ಟರ ಕೈಲಿ ಬೈಸಿಕೊಂಡಿದ್ದೀನೋ.

ನನಗೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡೋ ಕಾಯಿಲೆ. ಅದನ್ನು ಕೆರಳಿಸೋ ಅಂಶವೊಂದು ನನ್ನ ರಕ್ತದಲ್ಲಿದೆ. ನೀನು ಹೊಟ್ಟೆಯಲ್ಲಿದ್ದಾಗ ಅದು ನಿನಗೂ ದಾಟಿತು. ಹುಟ್ಟಿದಾಗ ನಿನ್ನ ಎದೆ ಜೋರಾಗಿ ಬಡ್ಕೊಳ್ತಿತ್ತು ಕಣೇ. ನಿದ್ದೆಯಿಲ್ಲ, ಕುಡಿದದ್ದು ಮೈಗೆ ಹತ್ತುತ್ತಿರಲಿಲ್ಲ. ಡಾಕ್ಟರು ಔಷಧಿ ಶುರು ಮಾಡಿ, “ತಾಯಿಯಿಂದ ಬಂದಿದ್ದು, ಕೆಲವು ತಿಂಗಳಲ್ಲಿ ತಾನಾಗೇ ಹೋಗುತ್ತಮ್ಮ. ಧೈರ್ಯವಾಗಿ ಹಾಲು ಕುಡಿಸಿ” ಅಂದರು. ಫೈಲಿನಲ್ಲೂ ‘ತಾತ್ಕಾಲಿಕ’ ಅಂತ ಚೊಕ್ಕವಾಗಿ ಬರೆದರು.

ನಿನ್ನ ಫೈಲಿಗೆ ಕೋಡು ಹಾಕಿದ್ದು ನನ್ನ ಪಕ್ಕದ ಕುರ್ಚಿಯ ಬುಷ್ರಾ. ವಾರ್ಡಿಗೇ ಬಂದು, “ಪವಿ, ತಾಯಿ ಕಾಯಿಲೆ ಸಾಲೂ ಹಾಕಬೇಕಲ್ಲ, ಏನ್ ಮಾಡ್ಲಿ?” ಅಂತ ಕೇಳಿದಳು. “ಹಾಕೇ, ರೂಲ್ಸು ಅಂದ್ರೆ ರೂಲ್ಸು” ಅಂದೆ. ಮಗುವಿನ ತೊಂದರೆ ಎಲ್ಲಿಂದ ಬಂತು ಅನ್ನೋದಕ್ಕೂ ಒಂದು ಕೋಡು ಹಾಕೋದು ನಮ್ಮ ಪದ್ಧತಿ. ಡಿಸ್ಚಾರ್ಜ್ ದಿನ ನಿಮ್ಮಪ್ಪ ಹರಿಕೃಷ್ಣ ಆ ಹಾಳೆಯನ್ನು ಅವರಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದರು. ‘ತಾಯಿಯ ಕಾಯಿಲೆಯಿಂದ ಬಾಧಿತವಾದ ಶಿಶು’ ಅಂತ. ಅದರ ಮೇಲಿನ ಸಾಲಿನಲ್ಲೇ ‘ತಾತ್ಕಾಲಿಕ’ ಇತ್ತು. ನಾನು ಬೆರಳಿಟ್ಟು ತೋರಿಸಿದೆ. ನಿಮ್ಮಜ್ಜಿ ಅಮ್ಮಾಜಮ್ಮನವರು ಬೆರಳನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. “ನಿಂದೇ ಮಗೀಗೆ ಬಂದಿರೋದು ಅಂತ ಆಸ್ಪತ್ರೆಯೋರೇ ಬರ್ದವ್ರಲ್ಲಮ್ಮ. ನೀನು ನಿಮ್ಮಪ್ಪನ ಮನೇಲಿದ್ದು ವಾಸಿ ಮಾಡ್ಕೋ. ಕೂಸು ನಮ್ಮತ್ರ ಇರ್ಲಿ” ಅಂದರು. ಆಪರೇಷನ್ ಆದ ಹೊಟ್ಟೆ, ಕೂತರೆ ಏಳೋಕಾಗದ ಸ್ಥಿತಿ. ನಿಮ್ಮ ಕಾರು ಗೌರಿಬಿದನೂರಿಗೆ, ನಿಮ್ಮಪ್ಪನ ಮನೆಗೆ ಹೋಯಿತು. ನಾನು ಅಪ್ಪನ ಜೊತೆ ಆಟೋ ಹತ್ತಿ ಇಲ್ಲಿಗೆ ಬಂದೆ.

ಹಾಲು ಬತ್ತಬಾರದು ಅಂತ ಹೊತ್ತು ಹೊತ್ತಿಗೆ ಹಿಂಡಿ ತೆಗೀತೀನಿ. ತುಳಿದಾಡೋ ಕಡೆ ಚೆಲ್ಲಬಾರದಂತೆ, ಹಿತ್ತಲ ಕರಿಬೇವಿನ ಬುಡಕ್ಕೆ ಹಾಕ್ತೀನಿ. ಗಿಡ ಸೊಂಪಾಗಿದೆ. ಒಗ್ಗರಣೆಗೆ ಎಲೆ ಕೀಳೋಕೆ ಮಾತ್ರ ಮನಸ್ಸು ಬರಲ್ಲ, ಅಂಗಡಿಯಿಂದಲೇ ತರಿಸ್ತೀನಿ. ಒಂದು ಸಲ ನಿನ್ನ ತಾತ ನಾನು ಹಾಕೋದನ್ನ ನೋಡಿಬಿಟ್ಟರು. ಹೆಗಲ ಮೇಲಿನ ಟವೆಲ್ಲು ಮುಖಕ್ಕೆ ಒತ್ತಿಕೊಂಡು ಒಳಗೆ ಹೋದರು.

ನಿನ್ನೆ ನಿಮ್ಮಪ್ಪ ಫೋನು ಮಾಡಿದ್ದರು. ನಿನ್ನ ರಕ್ತ ಪರೀಕ್ಷೆ ಎಲ್ಲ ಸರಿಯಿದೆಯಂತೆ, ಔಷಧಿ ನಿಲ್ಲಿಸಿದ್ದಾರಂತೆ. ಗೋಡೆಗೆ ಒರಗಿ ಅತ್ತುಬಿಟ್ಟೆ. ಇನ್ನು ನೀನು ಬರ್ತೀಯ ಅಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ನಿಮ್ಮಜ್ಜಿ ದನಿ. “ನೋಡ್ದಾ, ದೂರ ಇಟ್ಟಿದ್ದಕ್ಕೇ ವಾಸಿಯಾಯ್ತು. ಇನ್ನೊಂದು ವರ್ಷ ಹಿಂಗೇ ಇರ್ಲಿ ಬಿಡು.”

ತಾನಾಗಿ ಹೋಗೋ ಕಾಯಿಲೆ ತಾನಾಗಿ ಹೋಯಿತು, ಹೆಸರು ಮಾತ್ರ ನನ್ನನ್ನು ದೂರ ಇಟ್ಟಿದ್ದಕ್ಕೆ ಬಂತು. ನೀನು ನನ್ನ ಎದೆಗೆ ಅಂಟಿಕೊಂಡಿದ್ದರೂ ಇದೇ ರಿಪೋರ್ಟು ಬರ್ತಿತ್ತು. ಅದನ್ನ ಯಾವ ಕೋಡು ಹಾಕಿ ತೋರಿಸಲಿ? “ನೀವೇನಂತೀರಿ?” ಅಂತ ನಿಮ್ಮಪ್ಪನನ್ನ ಕೇಳಿದೆ. “ಅಮ್ಮ ಹೇಳೋದೂ ಒಂಥರಾ…” ಅಂತ ಎಳೆದರು. ಫೋನು ಇಟ್ಟುಬಿಟ್ಟೆ.

ಇನ್ನೊಂದು ಮಾತಿದೆ, ನಿನಗಲ್ಲದೆ ಯಾರಿಗೂ ಹೇಳೋ ಹಾಗಿಲ್ಲ. ನಿನ್ನ ರಕ್ತದಲ್ಲಿದ್ದ ನನ್ನ ಅಂಶ ಪೂರ್ತಿ ಹೋಯಿತು ಅಂದಾಗ ಖುಷಿಯ ಜೊತೆಗೇ ಏನೋ ಕಳೆದುಕೊಂಡ ಹಾಗೂ ಆಯಿತು. ಆ ಮನೆಯಲ್ಲಿ ನಿನ್ನ ಹತ್ತಿರ ನನ್ನದು ಅಂತ ಇದ್ದದ್ದು ಅದೊಂದೇ.

ಇವತ್ತು ನಾನು ಬರ್ತಿದ್ದೀನಿ. ತಾತನಿಗೆ ಹೇಳಿದೆ. “ನಾನೂ ಬರ್ತೀನಿ ನಡಿಯಮ್ಮ, ಅಂಗಿ ಹಾಕ್ಕೊಂಡು ಬಂದೆ” ಅಂದರು. ಇಷ್ಟು ದಿನದಲ್ಲಿ ಅವರಾಡಿದ ಉದ್ದದ ಮಾತು ಇದೇ ಇರಬೇಕು. ನಾನು ವಾದಕ್ಕೆ ಬರ್ತಿಲ್ಲ, ಯಾವ ಕಾಗದವನ್ನೂ ತೋರಿಸಲ್ಲ. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ನೇರ ನೀನು ಮಲಗಿರೋ ಕಡೆ ಬರ್ತೀನಿ.

ಒಂದೇ ಭಯ. ನಿನಗೆ ನನ್ನ ಗುರುತಿರಲ್ಲ. ಎತ್ತಿಕೊಂಡ ಕೂಡಲೇ ಕಿರುಚಿಕೊಳ್ತೀಯ. “ಹೆದರ್ಕೊಂತೈತೆ, ಕೊಡಿಲ್ಲಿ” ಅಂತ ನಿಮ್ಮಜ್ಜಿ ಕೈ ಚಾಚುತ್ತಾರೆ. ನಾನು ಕೊಡಲ್ಲ. ಅಳು ಮಗಳೇ, ಎಷ್ಟು ಬೇಕಾದರೂ ಅಳು. ನಿನಗೆ ಹೊಸಬಳಾದ ಈ ಹೆಂಗಸಿನ ಹೆಗಲ ಮೇಲೇ ಅಳು. ನಿನಗೆ ನನ್ನ ಮೈವಾಸನೆ ರೂಢಿಯಾಗೋವರೆಗೂ ನಾನು ಅಲ್ಲಿಂದ ಏಳಲ್ಲ.

ನಿನ್ನ ಎದೆ ನಿಧಾನವಾಗಿ ಬಡಿಯಲಿ, ಕಣ್ತುಂಬ ನಿದ್ದೆ ಬರಲಿ, ಹೊಟ್ಟೆ ತುಂಬಿರಲಿ.

ಬಸ್ಸಿಗೆ ಹೊರಟು ನಿಂತಿರುವ,
ನಿನ್ನಮ್ಮ