ಹಿಡಿಯಕ್ಕಿಯ ಮಡಕೆ

ಕಳಸ
೧೪ ಜುಲೈ ೨೦೦೨, ಭಾನುವಾರ

ಶಾಂಭವಿಗೆ,

ನೀನು ಚೆನ್ನಾಗಿದ್ದೀಯೆಂದು ಮೊನ್ನೆ ನಿನ್ನ ಅಣ್ಣನ ಮುಖ ನೋಡಿಯೇ ತಿಳಿದುಕೊಂಡೆ. ಕೇಳುವ ಧೈರ್ಯ ಬರಲಿಲ್ಲ. ನಾನೂ ಚೆನ್ನಾಗಿದ್ದೇನೆ. ವಾಡಿಕೆಗೆಂದು ಬರೆದ ಮಾತಲ್ಲ; ಊಟದ ಮಟ್ಟಿಗಂತೂ ನಿಜ.

ಎಸ್ಟೇಟಿನಲ್ಲಿ ಇನ್ನೂ ಅರ್ಧ ಸಂಬಳವೇ. ಕಾಫಿಗೆ ರೇಟು ಬರುವ ತನಕ ಹೀಗೇ ಎಂದು ಧಣಿಗಳು ಹೇಳಿದ್ದಾರೆ. ಆದರೆ ನಿಂಗಯ್ಯನ ಅಂಗಡಿಗೆ ಒಯ್ಯುವ ಸಾಮಾನಿನ ಚೀಟಿ ಅದಕ್ಕಿಂತಲೂ ಗಿಡ್ಡವಾಗಿದೆ. "ಏನ್ ರೈಟ್ರೇ, ಅಮ್ಮಾವ್ರು ತೌರಿಗೆ ಹೋದ್ಮೇಲೆ ಉಪವಾಸ ಹಿಡಿದ್ರಾ?" ಎಂದು ಎಲ್ಲರೆದುರು ಕೇಳಿದ. "ಮೊದಲಿಗಿಂತ ಚೆನ್ನಾಗಿ ಉಣ್ತಿದೀನಿ ಮಾರಾಯ" ಎಂದೆ. ಅವನು ನಂಬಲಿಲ್ಲ.

ಬೇಳೆ ಅರ್ಧ ಹಾಕಿ, ಉಳಿದರ್ಧಕ್ಕೆ ಹಲಸಿನ ಬೀಜ ಜಜ್ಜಿ ಹಾಕುತ್ತೇನೆ. ನೀನು ಕೆಮ್ಮಣ್ಣು ಸವರಿ ಬುಟ್ಟಿಯಲ್ಲಿಟ್ಟ ಬೀಜ, ಒಂದೂ ಕೆಟ್ಟಿಲ್ಲ. ಹುಣಸೆಹಣ್ಣು ತರುವುದನ್ನು ಬಿಟ್ಟಿದ್ದೇನೆ, ನೀನು ಒಣಗಿಸಿಟ್ಟ ವಾಟೆಹುಳಿಯೇ ಸಾಕು. ಒಂದೆಲಗದ ತಂಬುಳಿಗೆ ಮಜ್ಜಿಗೆಯಷ್ಟೇ ಖರ್ಚು. ಬಿದಿರಿನ ಕಳಲೆಯನ್ನು ಮೂರು ದಿನ ನೀರು ಬದಲಿಸುತ್ತ ನೆನೆಹಾಕುವುದೂ ಕೈಗೆ ಬಂತು. ಇದನ್ನೆಲ್ಲ ಕಲಿಸಿದವಳು ಕೂಲಿ ಲೈನಿನ ಮರಿಯಮ್ಮ. ಹಳ್ಳದ ದಂಡೆಯಲ್ಲಿ ಅವಳ ಹಿಂದೆ ಚೀಲ ಹಿಡಿದು ನಡೆಯುತ್ತೇನೆ. ಹೌದು, ನಾನೇ. ರೈಟರ ಹೆಂಡತಿ ಲೈನಿನವರ ಜೊತೆ ಸೊಪ್ಪು ಕೀಳಬಾರದು, ನಾಲ್ಕು ಜನ ನೋಡುತ್ತಾರೆ ಎಂದವನು. ನಾಲ್ಕು ಜನ ನೋಡಿದರು. ಅವರಲ್ಲಿ ಇಬ್ಬರು, ಎಳೆಯ ಎಲೆ ಆಚೆ ದಡದಲ್ಲಿದೆ ಎಂದು ಕೈ ತೋರಿಸಿದರು.

ಮೊದಲ ಸಲ ಕೆಸುವಿನ ಸೊಪ್ಪಿಗೆ ಹುಳಿ ಹಾಕುವುದನ್ನೇ ಮರೆತೆ. ಗಂಟಲು ಕೆರೆದು ಎರಡು ದಿನ ಮಾತು ಹೊರಡಲಿಲ್ಲ. ಬೆಳಗಿನ ಹಾಜರಿಯಲ್ಲಿ ಆಳುಗಳ ಹೆಸರು ಕೂಗಲಾಗದೆ ಬೆರಳು ತೋರಿಸುತ್ತ ನಿಂತೆ. "ಇದನ್ನ ಒಂದು ತಿಂಗಳು ಮುಂಚೆ ತಿಂದಿದ್ರೆ ಅಮ್ಮಾವ್ರು ಮನೇಲೇ ಇರ್ತಿದ್ರಲ್ಲ ರೈಟ್ರೇ" ಎಂದಳು ಮರಿಯಮ್ಮ. ಎಲ್ಲರೂ ನಕ್ಕರು. ನಗಲೂ ನನಗೆ ಸ್ವರವಿರಲಿಲ್ಲ.

ಅಕ್ಕಿಯ ವಿಷಯ ಬರೆಯಬೇಕಾದ್ದರಿಂದ ಇಷ್ಟು ಹೊತ್ತು ಸೊಪ್ಪಿನ ವಿಷಯ ಬರೆದೆ.

ಒಲೆಯ ಮೂಲೆಯ ಮಡಕೆಯಲ್ಲಿ ಬೇರೆಯಾಗಿಟ್ಟ ಅಕ್ಕಿ ಕಂಡ ದಿನ ಅದು ಯಾತಕ್ಕೆ ಎಂದು ನಾನು ಕೇಳಲಿಲ್ಲ. ತೌರಿಗೆ ಸಾಗಿಸಲು ಕೂಡಿಡುತ್ತಿದ್ದೀಯಾ ಎಂದೆ. ನೀನು ಕೈಯಲ್ಲಿದ್ದ ಸೌಟನ್ನು ತೊಳೆದು, ಒರೆಸಿ, ಮೊಳೆಗೆ ತೂಗುಹಾಕಿದೆ. ಮರುದಿನ ನೀನು ಮೂಡಿಗೆರೆ ಬಸ್ಸು ಹತ್ತಿದೆ. ಆರು ವಾರವಾಯಿತು. ಆ ಮಡಕೆಯನ್ನು ನಾನು ಮುಟ್ಟಿರಲಿಲ್ಲ.

ಗುರುವಾರ ಮಧ್ಯಾಹ್ನ ಮಲ್ಲಿಕಾರ್ಜುನ ಭಾವ ಬಂದರು, ಮುಂಚೆ ಹೇಳಿಕಳಿಸದೆ. ಬೀರುವಿನಲ್ಲಿರುವ ನಿನ್ನ ಸೀರೆಗಳನ್ನು ಒಯ್ಯಲು ಬಂದಿದ್ದರು. ಸೀರೆ ಹೋದರೆ ನೀನು ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹೊತ್ತು ಮಾತ್ರ ಊಟದ್ದು. ನಾನು ಒಬ್ಬನಿಗೆ ಅಳೆದು ಅನ್ನ ಮಾಡಿದ್ದೆ. ಡಬ್ಬಿಯಲ್ಲಿ ಅಕ್ಕಿ ಮುಗಿದಿತ್ತು. ಮಡಕೆಗೆ ಕೈಹಾಕಿದೆ. ಹುಳ ಬೀಳದಂತೆ ನೀನು ಹಾಕಿದ್ದ ಒಣಮೆಣಸಿನಕಾಯಿ ಬೆರಳಿಗೆ ಸಿಕ್ಕಿತು. ಆಗ ತಿಳಿಯಿತು. ಹದಿನೆಂಟು ವರ್ಷದಲ್ಲಿ ನಾನು ಹೇಳದೆ ಕೇಳದೆ ಎಷ್ಟು ಜನರನ್ನು ಊಟಕ್ಕೆ ಕರೆತಂದಿದ್ದೇನೆ, ಲಾರಿ ಡ್ರೈವರುಗಳನ್ನು, ಬಸ್ಸು ತಪ್ಪಿದ ಮೇಸ್ತ್ರಿಗಳನ್ನು. ಒಬ್ಬರಿಗೂ ಅನ್ನ ಸಾಲದೆ ಹೋಗಿರಲಿಲ್ಲ. ಅದನ್ನು ನನ್ನ ದೊಡ್ಡಸ್ತಿಕೆ ಎಂದುಕೊಂಡಿದ್ದೆ. ಅದು ದಿನವೂ ಅಕ್ಕಿ ತೊಳೆಯುವ ಮೊದಲು ನೀನು ತೆಗೆದಿಡುತ್ತಿದ್ದ ಒಂದು ಹಿಡಿ.

ಎರಡನೆಯ ಸಲ ಬಡಿಸುವಾಗ ಭಾವ, "ಹೆಂಗಸರಿಲ್ದಿದ್ರೂ ಈ ಮನೇಲಿ ಅನ್ನಕ್ಕೆ ಬರ ಇಲ್ಲ ನೋಡಿ" ಎಂದರು. "ಇದು ನಿಮ್ಮ ತಂಗಿ ಇಟ್ಟ ಅಕ್ಕಿ" ಎಂದೆ. ಕೈ ತಡೆದು ನನ್ನನ್ನೊಮ್ಮೆ ನೋಡಿದರು. ನಾನಾಡಿದ್ದನ್ನು ನೀನು ಅವರಿಗೆ ಹೇಳಿದ್ದೀಯೋ ಇಲ್ಲವೋ, ತಿಳಿಯಲಿಲ್ಲ. ಆಮೇಲೆ ಎಲೆಯಲ್ಲಿ ಒಂದಗುಳೂ ಬಿಡದೆ ಉಂಡರು. ಹೀಗೆ ಅವತ್ತಿನ ನನ್ನ ಮಾತು ನಿಜವಾಯಿತು. ನಿನ್ನ ಅಕ್ಕಿ ತೌರಿನವರಿಗೇ ಹೋಯಿತು. ಬಡಿಸಿದವನು ನಾನು.

ಬೀರುವಿನ ಬೀಗದಕೈ ಸಿಗಲಿಲ್ಲ. ಬರಿಗೈಯಲ್ಲಿ ಕಳಿಸಬಾರದೆಂದು ಒಂದು ಚೀಲ ಹಲಸಿನ ಬೀಜ ಕೊಟ್ಟೆ.

ಶುಕ್ರವಾರ ಹೊಸ ಅಕ್ಕಿ ತಂದೆ. ಅಂದಿನಿಂದ ನಾನೂ ದಿನಕ್ಕೊಂದು ಹಿಡಿ ತೆಗೆದಿಡುತ್ತಿದ್ದೇನೆ. ಒಬ್ಬನ ಅಳತೆಯಲ್ಲಿ ಒಂದು ಹಿಡಿ ತೆಗೆದರೆ ಹೊಟ್ಟೆಗೆ ತಿಳಿಯುತ್ತದೆ. ಇಬ್ಬರ ಅಳತೆಯಲ್ಲಿ ತಿಳಿಯುವುದಿಲ್ಲವೆಂದು ಕಾಣುತ್ತದೆ. ಹದಿನೆಂಟು ವರ್ಷ ನನಗಂತೂ ತಿಳಿಯಲಿಲ್ಲ.

ಇತಿ,
ಷಡಕ್ಷರಿ

ಇದನ್ನೂ ಬರೆಯಬೇಕು: ಬೀಗದಕೈ ಕಳೆದಿದೆ ಎಂದು ಭಾವನಿಗೆ ಹೇಳಿದ್ದು ಸುಳ್ಳು. ಅವರು ಕೈತೊಳೆಯಲು ಹಿತ್ತಲಿಗೆ ಹೋದಾಗ ಅದನ್ನು ಮಡಕೆಯೊಳಗೆ ಹಾಕಿದೆ. ಈಗ ಅದರ ಮೇಲೆ ಮೂರು ಹಿಡಿ ಅಕ್ಕಿ ಬಿದ್ದಿದೆ. ನಾನಾಗಿ ತೆಗೆಯುವುದಿಲ್ಲ, ನೀನು ಬಂದು ಕೈಹಾಕಿದರೆ ಸಿಗುತ್ತದೆ. ಆಮೇಲೆ ಸೀರೆ ಒಯ್ದರೂ ನಾನು ಅಡ್ಡ ಬರುವುದಿಲ್ಲ. ಯಾವತ್ತು ಬರುತ್ತೀಯೆಂದು ಮುಂಚೆ ತಿಳಿಸಬೇಕಾಗಿಲ್ಲ. ಅಕ್ಕಿ ಇದೆ.