ಮೋನಿಷಜ್ಜಿಗೆ ಬೇಕಾದ ನದಿ

ಚಾಮರಾಜನಗರ,
ಫೆಬ್ರವರಿ ೩೦, ೨೧೭೧

ಸುಮಾರು ಒಂದೂವರೆ ಶತಮಾನದ ಹಿಂದಿರುವ ಮಾನ್ಯ ಓದುಗರಲ್ಲಿ ವಿಜ್ಞಾಪನೆ.

ತಾರೀಖು ನೋಡಿ ಅಚ್ಚಿನ ತಪ್ಪು ಎಂದುಕೊಳ್ಳಬೇಡಿ. ಮೇ ತಿಂಗಳ ಬಿಸಿಲು ಕಡಿಮೆ ಮಾಡುತ್ತೇವೆಂದು ನಮ್ಮ ಸರ್ಕಾರದವರು ಚುನಾವಣೆಯಲ್ಲಿ ಮಾತು ಕೊಟ್ಟಿದ್ದರು. ಬಿಸಿಲು ಜಗ್ಗಲಿಲ್ಲ. ಹಾಗಾಗಿ ಮೇ ತಿಂಗಳನ್ನೇ ಕಡಿಮೆ ಮಾಡಿ, ಉಳಿದ ದಿನಗಳನ್ನು ಫೆಬ್ರವರಿಗೆ ಸೇರಿಸಿದರು. ಕೊಟ್ಟ ಮಾತನ್ನು ಇಷ್ಟರಮಟ್ಟಿಗೆ ಉಳಿಸಿಕೊಂಡ ಸರ್ಕಾರವನ್ನು ನೀವು ಕಂಡಿರಲಾರಿರಿ. ಇನ್ನು ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆಯಿರಲಿ. ನಿಮ್ಮವೂ ನಮಗೆ ಹಾಗೆಯೇ. 'ಸೂಪರ್' ಎಂದು ನೀವು ದಿನಕ್ಕೆ ಅಷ್ಟು ಸಲ ನೆನೆಯುತ್ತಿದ್ದ ದೇವರು ಯಾರು ಎಂದು ನಮ್ಮ ವಿದ್ವಾಂಸರು ಇನ್ನೂ ಕಚ್ಚಾಡುತ್ತಿದ್ದಾರೆ.

ಮೊದಲು ನಮ್ಮ ಮನೆಗಳ ವಿಚಾರ. ಪ್ರತಿ ಮನೆಯ ನಡುಮನೆಯಲ್ಲಿ ಒಂದು ಗೂಡು, ಆ ಗೂಡಿನ ತುಂಬ 'ಉಳಿದನಿ'ಗಳು. ನೀವು ಬದುಕಿದ್ದಾಗ ಫೋನಿನಲ್ಲಿ ಆಡಿದ, ಕಳಿಸಿದ, ಬೈದ ಮಾತುಗಳನ್ನೆಲ್ಲ ಹೆಕ್ಕಿ ಕಟ್ಟಿದ ದನಿ ಅದು. ಉದ್ದಿನ ವಡೆಯಷ್ಟಗಲದ ಬಿಲ್ಲೆಯಲ್ಲಿ ಕೂತು, ಬೆಳಗಾದರೆ ನಿಮ್ಮದೇ ಧಾಟಿಯಲ್ಲಿ ಮಾತಾಡುತ್ತದೆ. ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ಕೇಳದ್ದಕ್ಕೂ ಕೊಡುತ್ತದೆ. ನಮ್ಮ ಮನೆಯಲ್ಲಿ ಬದುಕಿರುವವರು ನಾನು ಮತ್ತು ನನ್ನ ಅಕ್ಕ, ಇಬ್ಬರೇ. ಮಾತಾಡುವವರು ಮಾತ್ರ ಒಂದು ಪಂಕ್ತಿ ಊಟಕ್ಕಾಗುವಷ್ಟು ಮಂದಿ.

ಸತ್ತವರಿಗೆ ಕೆಟ್ಟ ಸುದ್ದಿ ಹೇಳಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟಾದ ರೂಢಿ. ಹಿಂದೊಮ್ಮೆ ಯಾರೋ ಹೇಳಿ ನೋಡಿದರಂತೆ. ಕೇಳಿದ ಸತ್ತವರು ಅಳಲು ಶುರು ಮಾಡಿದರು; ಕಣ್ಣೇ ಇಲ್ಲದವರ ಅಳುವನ್ನು ಒರೆಸುವುದು ಹೇಗೆ? ಅದಕ್ಕೇ ಅವರಿಗಾಗಿ 'ಪಿತೃವಾರ್ತೆ' ಎಂಬ ಬೇರೆ ಪತ್ರಿಕೆಯೇ ಇದೆ. ಪೇಟೆ ಧಾರಣೆ, ರಾಜಕೀಯ, ಪ್ರವಾಸ, ಹೀಗೆ ಸಕಲ ಲೋಕವ್ಯಾಪಾರದ ಬಗ್ಗೆ ಅದರಲ್ಲಿ ಅಂಕಣ ಬರೆಯುವ ಭಾಗ್ಯ ನನ್ನದು. ತೊಗರಿಬೇಳೆ ಸೋವಿಯಾಗಿದೆ, ಕೆರೆಯಲ್ಲಿ ಹಕ್ಕಿಗಳ ಗಲಾಟೆ ಹೆಚ್ಚಾಗಿದೆ ಎಂದು ಬರೆಯುತ್ತೇನೆ. ಪ್ರವಾಸದ ಬಗ್ಗೆ ಬರೆಯಲು ನಾನು ಮನೆ ಬಿಟ್ಟು ಹೊರಡಬೇಕಿಲ್ಲ. ಹೊರಟರೆ ಬರೆಯಲು ಆಗುವುದೂ ಇಲ್ಲ.

ನನ್ನ ಅಕ್ಕನ ಹೆಸರು ಪುಟ್ಟತಾಯಮ್ಮ. ಇದು ನಮ್ಮ ಕಾಲದ ಬಹಳ ನಾಜೂಕಾದ ಹೊಸ ಫ್ಯಾಷನ್ನಿನ ಹೆಸರು. ಬೊಚ್ಚುಬಾಯಿ ಮುತ್ತಜ್ಜಿಯರಿಗೆ ಮೋನಿಷಾ, ತನ್ವಿ ಎಂದೆಲ್ಲ ಇರುತ್ತದೆ. ನಮ್ಮ ಮುತ್ತಜ್ಜಿ ಮೋನಿಷಜ್ಜಿ ಸತ್ತು ಅರವತ್ತೆಪ್ಪತ್ತು ವರ್ಷವಾಯಿತು. ತನ್ನ ಬೂದಿಯನ್ನು ತಿರುಮಕೂಡಲಿನ ಸಂಗಮದಲ್ಲೇ ಬಿಡಬೇಕೆಂದು ಹೇಳಿ ಹೋಗಿದ್ದಳು. 'ಈ ವರ್ಷ ನೀರು ಬರಲಿ' ಎನ್ನುತ್ತ ಒಂದು ತಲೆಮಾರಿನವರು ಇನ್ನೊಂದು ತಲೆಮಾರಿಗೆ ಆ ಸ್ಟೀಲ್ ಡಬ್ಬ ದಾಟಿಸಿದರು. ಬೂದಿ ನೀರಿಗೆ ಬೀಳುವವರೆಗೆ ಉಳಿದನಿಯನ್ನು ನಿಲ್ಲಿಸುವಂತಿಲ್ಲ. ಅಕ್ಕನಿಗೂ ಮಕ್ಕಳಿಲ್ಲ, ನನಗೂ ಇಲ್ಲ. ನಾವಿಬ್ಬರೂ ಹೋದ ಮೇಲೆ ಖಾಲಿ ಮನೆಯಲ್ಲಿ 'ಪುಟ್ಟತಾಯಿ, ನೀರು ಬಂತೇನೆ?' ಎಂದು ಅಜ್ಜಿ ಕೇಳುತ್ತಲೇ ಇರುತ್ತಾಳೆ. ನಮ್ಮ ಬೀದಿಯಲ್ಲಿ ಈಗಾಗಲೇ ಅಂಥ ಮನೆಗಳಿವೆ. ಅವುಗಳ ಮುಂದೆ ಹಾದುಹೋಗುವಾಗ ನಾವು ಬೇಗ ಬೇಗ ಹೆಜ್ಜೆ ಹಾಕುತ್ತೇವೆ.

ಹೀಗಿರುವಾಗ, ಒಂದು ದಿನ ಬರೆಯಲು ಬೇರೇನೂ ಹೊಳೆಯದೆ, ಸಂಗಮದಲ್ಲಿ ಕಾವೇರಿ ಕಪಿಲೆಯರು ಮೆಟ್ಟಿಲು ಮುಟ್ಟಿ ಹರಿಯುತ್ತಿದ್ದಾರೆ ಎಂದು ಬರೆದುಬಿಟ್ಟೆ. ಅಕ್ಕನಿಗೆ ಬದುಕಿರುವವರ ಪತ್ರಿಕೆ ಕಂಡರಾಗದು. ಬೆಳಗ್ಗೆ ಅಜ್ಜಿಯ ಜೊತೆ ಕೂತು ಪಿತೃವಾರ್ತೆಯನ್ನೇ ಕೇಳುತ್ತಾಳೆ.

"ಪುಟ್ಟತಾಯಿ, ಕೇಳಿಸ್ತೇನೆ? ನೀರು ಬಂದಿದೆಯಂತೆ!" ಎಂದಳು ಅಜ್ಜಿ. "ಈಗ್ಲಾದ್ರೂ ನನ್ನ ಬಿಡ್ರೇ. ಎಷ್ಟು ವರ್ಷ ಅಂತ ಸಕ್ಕರೆ ಡಬ್ಬದ ಪಕ್ಕ ಕೂತಿರ್ಲಿ?"

"ನಾಳೇನೇ ಹೊರಡೋಣ ಅಜ್ಜಿ," ಎಂದಳು ಅಕ್ಕ.

ನಾನು ಅಕ್ಕನನ್ನು ಅಡುಗೆಮನೆಗೆ ಎಳೆದೆ. "ಅಕ್ಕ, ಅದನ್ನ ಬರೆದದ್ದು ನಾನು."

"ಗೊತ್ತು ಕಣೋ. ಚೆನ್ನಾಗಿ ಬರ್ದಿದ್ದೀಯ."

"ಹಾಗಲ್ಲಕ್ಕ, ನಾನು ಬರೆದದ್ದು ಅಂದ್ರೆ..."

"ನೀನು ಬರೆದ ಮೇಲೆ ಸುಳ್ಳಿರುತ್ತೇನೋ? ಬಾಯಿ ಮುಚ್ಕೊಂಡು ಬುತ್ತಿ ಕಟ್ಟು, ಚಿತ್ರಾನ್ನ ಮಾಡ್ತೀನಿ."

ಮರುದಿನ ಬೆಳಗಾಗುವಾಗಲೇ 'ಉರುಳುಮನೆ' ಹತ್ತಿದೆವು. ನಿಮ್ಮ ಬಸ್ಸಿಗೆ ದಪ್ಪ ಗೋಡೆ ಕಟ್ಟಿ ಕಿಟಕಿ ಕಿರಿದು ಮಾಡಿದರೆ ನಮ್ಮ ಉರುಳುಮನೆ. ಅದರಲ್ಲಿ ಪ್ರಯಾಣಿಕರು ಒಬ್ಬರನ್ನೊಬ್ಬರು ಮಾತಾಡಿಸುವುದಿಲ್ಲ. ತೊಡೆಯ ಮೇಲಿನ, ಬಿಲ್ಲೆಯಿಟ್ಟ ಚೀಲಗಳನ್ನು ಮಾತಾಡಿಸುತ್ತಾರೆ. ಅಜ್ಜಿ ಕಿಟಕಿ ಸೀಟೇ ಬೇಕೆಂದು ಹಟ ಹಿಡಿದಿದ್ದಳು. "ಹೊರಗೆ ಏನು ಕಾಣ್ತಿದೆಯೋ?" ಎಂದು ಕೇಳಿದಳು. ಹೊರಗೆ ಧೂಳಿತ್ತು. ನಾನು ಭತ್ತದ ಗದ್ದೆ ಹೇಳಿದೆ, ಬೆಳ್ಳಕ್ಕಿ ಹೇಳಿದೆ, ಕಾಲುವೆಯಲ್ಲಿ ಮೈ ಮುಳುಗಿಸಿದ ಎಮ್ಮೆ ಹೇಳಿದೆ. ಹಿಂದಿನ ಸೀಟಿನ ಹೆಂಗಸು ತನ್ನ ಚೀಲವನ್ನು ನನ್ನ ಕಡೆ ತಿರುಗಿಸಿ, "ಸ್ವಲ್ಪ ಜೋರಾಗಿ ಹೇಳಿ ಸಾರ್, ನಮ್ಮ ಮಾವನೋರೂ ಕೇಳಿಸ್ಕೋತಾರೆ," ಎಂದಳು. ಅಕ್ಕ ಕಣ್ಣು ಮುಚ್ಚಿ, ನಗುಮುಖದಲ್ಲಿ ಎಲ್ಲವನ್ನೂ ಕೇಳುತ್ತಿದ್ದಳು. ಅವಳು ಕಣ್ಣು ಬಿಟ್ಟದ್ದು ಸಂಗಮದ ಮೆಟ್ಟಿಲ ಮೇಲೆಯೇ.

ಅಲ್ಲಿ ಎರಡು ನದಿಗಳು ಕಾಣುತ್ತವೆ, ಮೂರನೆಯದು ಗುಪ್ತಗಾಮಿನಿ ಎಂದು ನಿಮ್ಮ ಕಾಲದಲ್ಲಿ ಹೇಳುತ್ತಿದ್ದರಂತೆ. ಈಗ ಮೂರೂ ಗುಪ್ತಗಾಮಿನಿ. ಕೊನೆಯ ಮೆಟ್ಟಿಲ ಕೆಳಗೆ ಕಣ್ಣು ಹಾಯುವವರೆಗೂ ಮರಳು. ಅಕ್ಕ ಮರಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಮ್ಮಂತೆ ಡಬ್ಬ ಹಿಡಿದು ಬಂದ ನೂರಾರು ಮಂದಿ ಅಲ್ಲಿದ್ದರು. ಬಹುಶಃ ಅವರೂ ನನ್ನ ಓದುಗರು. ಅಲ್ಲಿ ಒಂದು ಪದ್ಧತಿ ಬೆಳೆದುಬಂದಿದೆ. ಒಬ್ಬರು ತಮ್ಮ ಬಿಲ್ಲೆಯನ್ನು ಮೆಟ್ಟಿಲ ಮೇಲಿಟ್ಟರೆ, ಉಳಿದವರೆಲ್ಲ ಸುತ್ತ ನಿಂತು ಬಾಯಲ್ಲೇ ನೀರಿನ ಸದ್ದು ಮಾಡಬೇಕು. ನಿಮ್ಮವರಿಗೆ ನಾವು, ನಮ್ಮವರಿಗೆ ನೀವು. ಅವರಲ್ಲಿ ಹರಿಯುವ ಹೊಳೆ ಕಂಡವರು ಒಬ್ಬರೂ ಇಲ್ಲ. ನಮ್ಮ ಸರದಿ ಬಂದಾಗ ಎಲ್ಲರೂ ಭಕ್ತಿಯಿಂದ 'ಶ್ಶ್ಶ್' ಎಂದರು.

"ಇದೇನೇ ಇದು?" ಎಂದಳು ಅಜ್ಜಿ. "ಮಗೂಗೆ ಉಚ್ಚೆ ಹೊಯ್ಸೋರ ಥರ ಶ್ಶ್ ಅಂತಿದ್ದಾರಲ್ಲ?"

ಸದ್ದು ನಿಂತಿತು.

"ಪುಟ್ಟತಾಯಿ, ನಿಜ ಹೇಳು. ನೀರಿಲ್ಲ ಅಲ್ವಾ?"

ನಾನು ಬಾಯಿ ತೆರೆದೆ. ಬುಗ್ಗೆ, ತೆಪ್ಪ, ಮೀನು ಎಲ್ಲ ನಾಲಿಗೆಯ ತುದಿಗೆ ಬಂದಿದ್ದವು. ಅಕ್ಕ ನನ್ನ ತೋಳು ಹಿಡಿದು ನಿಲ್ಲಿಸಿದಳು. "ಇಲ್ಲ ಅಜ್ಜಿ," ಎಂದಳು. ಸುತ್ತಲಿದ್ದವರು ಹೆದರಿ ಹಿಂದೆ ಸರಿದರು. ಹಿಂದಿನ ಸೀಟಿನ ಹೆಂಗಸು ಮಾವನೋರ ಚೀಲಕ್ಕೆ ಸೆರಗು ಮುಚ್ಚಿದಳು. ಅಳು ಶುರುವಾಗುತ್ತದೆಂದು ಎಲ್ಲರೂ ಕಾದೆವು.

ಅಜ್ಜಿ ಅಳಲಿಲ್ಲ. "ಹಂಗಾದ್ರೆ ಸರಿಯಾಗಾದ್ರೂ ಮಾಡ್ರೋ," ಎಂದಳು. "ನಾನು ಆರನೇ ಕ್ಲಾಸಲ್ಲಿ ಸ್ಕೂಲ್ ಟ್ರಿಪ್ ಬಂದಿದ್ದೆ ಇಲ್ಲಿಗೆ. ಅದು ಶ್ಶ್ ಅನ್ನಲ್ಲ. ಮೊದ್ಲು ಬಂದು ಮೆಟ್ಟಿಲಿಗೆ ಬಡಿಯುತ್ತೆ, ದೊಳ್ ಅಂತ. ವಾಪಸ್ ಹೋಗ್ವಾಗ ಮೆತ್ತಗೆ, ಒದ್ದೆ ಲಂಗ ಎಳ್ಕೊಂಡು ಹೋದಂಗೆ. ಆ ಕಡೆ ಕಪಿಲೆ ಸೇರೋ ಕಡೆ ಬೇರೆ ಥರ. ಇಬ್ರು ಹೆಂಗಸ್ರು ಬಾಗಿಲಲ್ಲಿ ನಿಂತು ಪಿಸಪಿಸ ಅಂತ ಮಾತಾಡ್ತಿದ್ರೆ ಒಳಗಿರೋರಿಗೆ ಕೇಳ್ಸುತ್ತಲ್ಲ, ಹಂಗೆ."

ಅಜ್ಜಿಯೇ ಜನರನ್ನು ಮೂರು ಪಾಲು ಮಾಡಿದಳು. ಒಂದು ಗುಂಪು ಬಡಿಯಿತು, ಒಂದು ಎಳೆಯಿತು, ಒಂದು ಪಿಸುಗುಟ್ಟಿತು. ತಪ್ಪಿದವರನ್ನು ಬೈದಳು. ಸ್ವಲ್ಪ ಹೊತ್ತಿಗೆ ಮೂರೂ ಕೂಡಿಕೊಂಡವು. ಏನಾಯಿತೆಂದು ನಾನು ಹೇಳಲಾರೆ, ನಿಜ ಬರೆದು ನನಗೆ ಅಭ್ಯಾಸವಿಲ್ಲ. ನನ್ನ ಪಾದಗಳು ತಣ್ಣಗಾದವು. ಪಕ್ಕದಲ್ಲಿ ಅಕ್ಕ, ತನಗೇ ಅರಿವಿಲ್ಲದೆ, ಸೀರೆಯ ನೆರಿಗೆಯನ್ನು ಮೊಣಕಾಲಿಗೆ ಎತ್ತಿ ಹಿಡಿದಿದ್ದಳು. ಹಾಗೆಯೇ ಬಗ್ಗಿ ಡಬ್ಬ ಬರಿದು ಮಾಡಿದಳು.

"ಆಮೇಲೆ, ಅಜ್ಜಿ?" ಎಂದಳು. "ಆಮೇಲೆ ಹೇಗೆ ಸದ್ದು ಮಾಡುತ್ತೆ?"

"ಆಮೇಲೆ ಗೊತ್ತಿಲ್ಲ ಕಣೇ. ಪಿ.ಟಿ. ಮೇಷ್ಟ್ರು ಪೀಪಿ ಊದಿಬಿಟ್ರು. ಎಲ್ರೂ ಓಡಿಹೋಗಿ ಬಸ್ ಹತ್ತಿದ್ವಿ."

ಬಿಲ್ಲೆ ಮತ್ತೆ ಮಾತಾಡಲಿಲ್ಲ.

ಈಗ ಸಂಗಮದಲ್ಲಿ ಎಲ್ಲರೂ ಅಜ್ಜಿ ಕಲಿಸಿದ ನದಿಯನ್ನೇ ಮಾಡುತ್ತಾರೆ. ಬಡಿಯುತ್ತಾರೆ, ಎಳೆಯುತ್ತಾರೆ, ಪಿಸುಗುಟ್ಟುತ್ತಾರೆ. ಅದೂ ನದಿಯದೇ ಸದ್ದೆಂದು ತಿಳಿದು ಕೊನೆಗೆ ಒಬ್ಬರು ಪೀಪಿ ಊದುತ್ತಾರೆ. ಅಲ್ಲಿಗೆ ನಮ್ಮ ಕಾವೇರಿ ಮುಗಿಯುತ್ತದೆ. ಎಲ್ಲರೂ ಸುಮ್ಮನೆ ಮೆಟ್ಟಿಲು ಹತ್ತುತ್ತಾರೆ.

ಮಾನ್ಯರೇ, ನನ್ನ ಲೆಕ್ಕ ಸರಿಯಿದ್ದರೆ ಮೋನಿಷಾ ಎಂಬ ಆ ಹುಡುಗಿ ಈಗ ನಿಮ್ಮ ನಡುವೆಯೇ ಇದ್ದಾಳೆ. ಅವಳ ಶಾಲೆಯ ಪ್ರವಾಸ ಇನ್ನೂ ಹೊರಟಿರಲಿಕ್ಕಿಲ್ಲ. ಆ ಮೇಷ್ಟ್ರು ಯಾರೋ ನನಗೆ ತಿಳಿಯದು. ಇದನ್ನು ಓದುತ್ತಿರುವ ನೀವೇ ಇರಬಹುದು. ಒಂದೇ ಒಂದು ಕೋರಿಕೆ. ಮಕ್ಕಳು ಮೆಟ್ಟಿಲ ಮೇಲೆ ನಿಂತಿದ್ದಾಗ ಪೀಪಿಯನ್ನು ಸ್ವಲ್ಪ ತಡವಾಗಿ ಊದಿ ಮೇಷ್ಟ್ರೇ. ಬಸ್ಸು ಕಾಯುತ್ತದೆ. ನಾವೂ ಕಾಯುತ್ತೇವೆ.